ಹಾಲು ಉಕ್ಕಿದಾಗ ಮನಸ್ಸು ಎಲ್ಲಿತ್ತು?

ಒಲೆಯ ಮೇಲೆ ಹಾಲಿಟ್ಟು ಎದುರಿಗೇ ನಿಂತಿದ್ದರೂ ಹಾಲು ಉಕ್ಕಿ, ಬರ್ನರ್ ಆರಿ, ಕಟ್ಟೆಯೆಲ್ಲ ಹರಿದುಹೋಯಿತು ಅಂದುಕೊಳ್ಳಿ. ನಮ್ಮಲ್ಲಿ ಇದಕ್ಕೆ ಒಂದೇ ಬೈಗುಳ ಸಾಕು: "ಜ್ಞಾನ ಎಲ್ಲಿತ್ತು?" ಧಾರವಾಡದ ಕಡೆಯಾದರೆ "ಲಕ್ಷ್ಯ ಎಲ್ಲಿತ್ತು ನಿಂದು?" ನಿಂತವರ ಕೈಯಲ್ಲಿ ಫೋನ್ ಇತ್ತೋ, ತಲೆಯಲ್ಲಿ ಅಮ್ಮನ ರಕ್ತಪರೀಕ್ಷೆಯ ರಿಪೋರ್ಟ್ ಓಡುತ್ತಿತ್ತೋ, ಏನೂ ಇಲ್ಲದೆ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದರೋ, ಬೈಯುವವರಿಗೆ ಅದರ ಗೊಡವೆ ಇಲ್ಲ. ಇಂಗ್ಲಿಷಿಗೆ ಇದೆ. ಇದೇ ಹಾಲಿಗೆ ಅಲ್ಲಿ ಕಡಿಮೆಯೆಂದರೂ ಐದು ಪದ ಬೇಕು. ಒಂದರ ಜಾಗಕ್ಕೆ ಇನ್ನೊಂದನ್ನು ತಂದರೆ ಹಾಲು ಉಕ್ಕಿದ ಕಾರಣವೇ ಬದಲಾಗಿಬಿಡುತ್ತದೆ.

ಫೋನ್ ಟಿಂಗ್ ಅಂದಿತು, ನೋಡಿದಿರಿ, ಹಾಲು ಉಕ್ಕಿತು. ಇದು ಡಿಸ್ಟ್ರಾಕ್ಟೆಡ್. ಹೊರಗಿನದೊಂದು ಬಂದು ನಿಮ್ಮನ್ನು ಎಳೆದಿದೆ. ಎಳೆದದ್ದು ಯಾವುದು ಎಂದು ಕೇಳಿದರೆ ಬೆರಳು ಮಾಡಿ ತೋರಿಸಲು ಬರಬೇಕು.

ಫೋನ್ ಇಲ್ಲ, ಸದ್ದಿಲ್ಲ. ಸಂಜೆ ಬರಬೇಕಾದ ರಿಪೋರ್ಟಿನ ಚಿಂತೆ ಮಾತ್ರ ಇದೆ. ಇದು ಪ್ರಿಆಕ್ಯುಪೈಡ್. ಲ್ಯಾಟಿನ್ನಿನಲ್ಲಿ ಇದರ ಮೂಲಕ್ಕೆ "ಮೊದಲೇ ಹೋಗಿ ಹಿಡಿದುಕೊಳ್ಳುವುದು" ಎಂಬ ಅರ್ಥ. ನಮ್ಮ ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅದೇ. ಹಾಲು ಬಂದು ಕೂರೋಣ ಅಂದರೆ ಮನಸ್ಸಿನ ಸೀಟಿನಲ್ಲಿ ಆಗಲೇ ಯಾರದೋ ಟವೆಲ್ ಇದೆ. ಆದ್ದರಿಂದ ಈ ಪದದಲ್ಲಿ ಸಾಮಾನ್ಯವಾಗಿ ಚಿಂತೆಯ ನೆರಳಿರುತ್ತದೆ. ಖುಷಿಯಾಗಿ ಕ್ರಿಕೆಟ್ ನೋಡುತ್ತಾ ಕುಳಿತವರನ್ನು ಪ್ರಿಆಕ್ಯುಪೈಡ್ ಅನ್ನುವುದಿಲ್ಲ. ಮಗಳ ಮದುವೆಯ ಖರ್ಚು ಲೆಕ್ಕ ಹಾಕುತ್ತಾ ಅದೇ ಕ್ರಿಕೆಟ್ ಮುಂದೆ ಕುಳಿತವರನ್ನು ಅನ್ನಬಹುದು.

ಫೋನೂ ಇಲ್ಲ, ಚಿಂತೆಯೂ ಇಲ್ಲ, ಕಣ್ಣು ತೆರೆದೇ ಇದೆ, ಒಳಗೆ ಮಾತ್ರ ಯಾರೂ ಇಲ್ಲ. ಇದಕ್ಕೆ ಆಡುಮಾತಿನಲ್ಲಿ ಝೋನ್ಡ್ ಔಟ್. ಅದೇ ಖಾಲಿ ನೋಟದ ಹಿಂದೆ ಒಂದು ಸಿಹಿ ಚಿತ್ರ ಓಡುತ್ತಿದ್ದರೆ ಡೇಡ್ರೀಮಿಂಗ್. ಇದನ್ನು ಹಗಲುಗನಸು ಎಂದು ಅನುವಾದಿಸುವವರು ಸ್ವಲ್ಪ ನೋಡಿಕೊಳ್ಳಬೇಕು. ಕನ್ನಡದಲ್ಲಿ ಹಗಲುಗನಸು ಅಂದರೆ ಆಗಹೋಗದ ಆಸೆ, ಬೈಯುವ ಪದ. "ಐಎಎಸ್ ಆಗೋ ಹಗಲುಗನಸು ಬಿಡು" ಅಂದಾಗ ಇರುವ ಕಟಕಿ ಡೇಡ್ರೀಮಿಂಗ್‌ನಲ್ಲಿ ಅಷ್ಟಾಗಿ ಇಲ್ಲ. ಆ ಕಟಕಿಗೆ ಇಂಗ್ಲಿಷಿನವರು ಪೈಪ್ ಡ್ರೀಮ್ ಅನ್ನುತ್ತಾರೆ. ಪೈಪ್ ಇಲ್ಲಿ ಅಫೀಮು ಸೇದುವ ಕೊಳವೆ.

ನಾಲ್ಕನೆಯದು ಆಬ್ಸೆಂಟ್-ಮೈಂಡೆಡ್. ಇದು ಇವತ್ತಿನ ಹಾಲಿನ ಮಾತಲ್ಲ, ಆಸಾಮಿಯ ಸ್ವಭಾವದ ಮಾತು. ನಿನ್ನೆಯೂ ಉಕ್ಕಿಸಿದ್ದರು, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾರೆ, ಕೀಲಿಕೈ ಫ್ರಿಜ್ಜಿನಲ್ಲಿ ಸಿಗುತ್ತದೆ. ಅಂಥವರಿಗೆ ಈ ಪದ. ಒಂದು ಸಲ ಮರೆತವರು "ಐ ಆಮ್ ಆಬ್ಸೆಂಟ್-ಮೈಂಡೆಡ್" ಎಂದು ಮ್ಯಾನೇಜರಿಗೆ ಬರೆದರೆ, ತನ್ನ ಮೇಲೆ ತಾನೇ ಕಾಯಂ ಕಪ್ಪುಚುಕ್ಕೆ ಇಟ್ಟುಕೊಂಡಂತೆ. ಒಂದು ಸಲದ ಕೆಲಸಕ್ಕೆ ಕ್ರಿಯಾವಿಶೇಷಣ ಸಾಕು: ಆಬ್ಸೆಂಟ್-ಮೈಂಡೆಡ್‌ಲಿ ಉಪ್ಪು ಎರಡು ಸಲ ಹಾಕಿದೆ. ಚಿಕ್ಕದಾಗಿ ಆಬ್ಸೆಂಟ್ಲಿ ಎಂದರೂ ನಡೆಯುತ್ತದೆ.

ಐದನೆಯದು ಬೇರೆ ಜಾತಿಯದು. ಕೈಯಲ್ಲೊಂದು ಪತ್ತೇದಾರಿ ಕಾದಂಬರಿ, ಕೊಲೆಗಾರ ಯಾರೆಂದು ಗೊತ್ತಾಗಲು ನಾಲ್ಕೇ ಪುಟ ಬಾಕಿ, ಹಾಲು ಉಕ್ಕಿ ಸುಟ್ಟ ವಾಸನೆ ಬಂದರೂ ಮೂಗಿಗೆ ತಿಳಿಯಲಿಲ್ಲ. ಇದು ಎನ್‌ಗ್ರೋಸ್ಡ್ ಅಥವಾ ಅಬ್ಸಾರ್ಬ್ಡ್. ನನಗೆ ಈ ಪದಗಳಲ್ಲಿ ಎಲ್ಲಕ್ಕಿಂತ ಹಿಡಿಸುವ ಸಂಗತಿ ಇಲ್ಲೇ ಇದೆ. ಆ ಓದುಗರನ್ನು ಹಾಲಿನ ಕಡೆಯಿಂದ ನೋಡಿದರೆ ಡಿಸ್ಟ್ರಾಕ್ಟೆಡ್, ಕಾದಂಬರಿಯ ಕಡೆಯಿಂದ ನೋಡಿದರೆ ಅಬ್ಸಾರ್ಬ್ಡ್. ಮನುಷ್ಯರು ಅವರೇ, ನಿಂತ ಜಾಗ ಅದೇ. ಅವರು ಮಾಡಬೇಕಾಗಿದ್ದ ಕೆಲಸ ಯಾವುದು ಎಂದು ಮಾತಾಡುವವರು ತೀರ್ಮಾನಿಸಿದ್ದಾರೋ ಅದರ ಮೇಲೆ ಪದ ನಿಲ್ಲುತ್ತದೆ. ಅತ್ತೆಗೆ ಡಿಸ್ಟ್ರಾಕ್ಟೆಡ್ ಆಗಿ ಕಂಡ ಸೊಸೆ ಕಾದಂಬರಿ ಬರೆದವರಿಗೆ ಅಬ್ಸಾರ್ಬ್ಡ್ ಆಗಿ ಕಾಣುತ್ತಾಳೆ. ಹಾಗಾಗಿ ಈ ಗುಂಪಿನ ಪದ ಆರಿಸುವಾಗ ಅರ್ಥಕೋಶ ನೋಡುವ ಮೊದಲು, ನಾನು ಯಾರ ಪರ ಮಾತಾಡುತ್ತಿದ್ದೇನೆ ಎಂದು ನೋಡಿಕೊಳ್ಳಬೇಕು.

ಇನ್ನು ಕನ್ನಡಿಗರು ಹೆಚ್ಚು ಎಡವುವ ಜಾಗ. "ಫೋನಿನಿಂದ ಗಮನ ಬೇರೆ ಕಡೆ ಹೋಯಿತು" ಅನ್ನುವಾಗಿನ "ಇಂದ" ಇದೆಯಲ್ಲ, ಅದು ಕಾರಣವನ್ನೂ ಹೇಳುತ್ತದೆ, ಹೊರಟ ಜಾಗವನ್ನೂ ಹೇಳುತ್ತದೆ. "ಮಳೆಯಿಂದ ಬೆಳೆ ಹಾಳಾಯಿತು", "ಮೈಸೂರಿನಿಂದ ಬಂದೆ", ಎರಡಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷ್ ಇವನ್ನು ಬೇರೆ ಮಾಡಿದೆ. ಎಳೆದದ್ದಕ್ಕೆ ಬೈ, ಬಿಟ್ಟುಬಂದದ್ದಕ್ಕೆ ಫ್ರಮ್. "ಐ ವಾಸ್ ಡಿಸ್ಟ್ರಾಕ್ಟೆಡ್ ಫ್ರಮ್ ಮೈ ಫೋನ್" ಎಂದು ಬರೆದರೆ ಓದಿದವರಿಗೆ ತಿಳಿಯುವುದೇ ಬೇರೆ: ಪಾಪ, ಇವರು ಫೋನ್ ನೋಡುವ ಕೆಲಸದಲ್ಲಿದ್ದರು, ಯಾರೋ ಬಂದು ಕೆಡಿಸಿದರು. ಸರಿಯಾದದ್ದು ಹೀಗೆ: ಡಿಸ್ಟ್ರಾಕ್ಟೆಡ್ ಬೈ ದ ಫೋನ್, ಡಿಸ್ಟ್ರಾಕ್ಟೆಡ್ ಫ್ರಮ್ ದ ಮಿಲ್ಕ್. ಎರಡನ್ನೂ ಒಂದೇ ವಾಕ್ಯಕ್ಕೆ ತರುವುದಾದರೆ ಕರ್ತೃವನ್ನೇ ಮುಂದೆ ನಿಲ್ಲಿಸುವುದು ಸಲೀಸು: ದ ಫೋನ್ ಡಿಸ್ಟ್ರಾಕ್ಟೆಡ್ ಮಿ ಫ್ರಮ್ ದ ಮಿಲ್ಕ್.

ಉಳಿದ ಪದಗಳ ಹಿಂದೆ ಬರುವ ಸಣ್ಣ ಪದಗಳಿಗೂ ಒಂದು ಲೆಕ್ಕವಿದೆ. ಮನಸ್ಸು ಒಳಗಿಳಿಯುವ ಪದಗಳಿಗೆ ಇನ್: ಅಬ್ಸಾರ್ಬ್ಡ್ ಇನ್, ಎನ್‌ಗ್ರೋಸ್ಡ್ ಇನ್, ಇಮ್ಮರ್ಸ್ಡ್ ಇನ್, ಲಾಸ್ಟ್ ಇನ್. ನಮ್ಮ "ಅಲ್ಲಿ" ಪ್ರತ್ಯಯಕ್ಕೆ ಇದು ಸರಿಹೊಂದುತ್ತದೆ, ತಪ್ಪಾಗುವುದು ಕಡಿಮೆ. ಹೊರಗಿನ ಶಕ್ತಿ ಹಿಡಿದುಹಾಕುವ ಪದಗಳಿಗೆ ಬೈ: ಮೆಸ್ಮರೈಸ್ಡ್ ಬೈ, ಟ್ರಾನ್ಸ್‌ಫಿಕ್ಸ್ಡ್ ಬೈ. ಅಂಟಿಕೊಳ್ಳುವ ಪದಗಳಿಗೆ ಟು: ಗ್ಲೂಡ್ ಟು ದ ಟಿವಿ. ಜೊತೆಗೇ ಹೊತ್ತು ತಿರುಗುವ ಪದಗಳಿಗೆ ವಿತ್: ಪ್ರಿಆಕ್ಯುಪೈಡ್ ವಿತ್, ಅಬ್ಸೆಸ್ಡ್ ವಿತ್. "ಬಿಝಿ ಇನ್ ವರ್ಕ್" ಎಂಬುದು ನಮ್ಮ "ಕೆಲಸದಲ್ಲಿ ಬಿಝಿ" ಇಂಗ್ಲಿಷ್ ಅಂಗಿ ಹಾಕಿಕೊಂಡದ್ದು. ಅದು ಬಿಝಿ ವಿತ್ ಆಗಬೇಕು. ಆಬ್ಲಿವಿಯಸ್ ಎಂಬುದೊಂದಕ್ಕೆ ಟು, ಆಫ್ ಎರಡೂ ನಡೆಯುತ್ತವೆ, ತಲೆಕೆಡಿಸಿಕೊಳ್ಳಬೇಕಿಲ್ಲ. ಸುಟ್ಟ ವಾಸನೆಗೆ ಆಬ್ಲಿವಿಯಸ್ ಅಂದರೆ ಅದರ ಪರಿವೆಯೇ ಇಲ್ಲದಿರುವುದು.

ಡಿಸ್ಟ್ರಾಕ್ಟ್ ಪದದ ಒಳಗಿರುವುದು ಎಳೆಯುವುದು ಎಂಬ ಲ್ಯಾಟಿನ್ ಧಾತು. ಹೊಲ ಉಳುವ ಟ್ರ್ಯಾಕ್ಟರೂ ಅಟ್ರ್ಯಾಕ್ಷನ್ನೂ ಅಲ್ಲಿಂದಲೇ ಬಂದವು. ಮುಂದಿನ "ಡಿಸ್" ಅಂದರೆ ಬೇರೆ ಬೇರೆ ದಿಕ್ಕಿಗೆ. ಎರಡು ಜೊತೆ ಎತ್ತು ಎರಡು ಕಡೆ ಎಳೆದರೆ ನೊಗ ಏನಾದೀತು? 16, 17ನೇ ಶತಮಾನದ ಇಂಗ್ಲೆಂಡಿನಲ್ಲಿ ಡಿಸ್ಟ್ರಾಕ್ಟೆಡ್ ಅಂದರೆ ಬುದ್ಧಿ ಕೆಟ್ಟವನು ಎಂಬ ಅರ್ಥ ಸಾಮಾನ್ಯವಾಗಿತ್ತು. ಆ ಅರ್ಥ ಈಗ ಒಂದೆರಡು ನುಡಿಗಟ್ಟಿನಲ್ಲಿ ಮಾತ್ರ ಉಳಿದಿದೆ. "ಡ್ರೈವ್ಸ್ ಮಿ ಟು ಡಿಸ್ಟ್ರಾಕ್ಷನ್" ಎಂದು ಯಾರಾದರೂ ಪಕ್ಕದ ಮನೆಯ ನಾಯಿಯ ಬಗ್ಗೆ ಹೇಳಿದರೆ ಅದು ಗಮನದ ಮಾತಲ್ಲ, "ತಲೆ ಚಿಟ್ಟು ಹಿಡಿಸ್ತು" ಎಂಬ ಮಾತು. ಇದೇ ಪದದ ಹಳೆಯ ರೂಪ ಡಿಸ್ಟ್ರಾಟ್. ಅದು ದುಃಖದಿಂದ ಕಂಗೆಟ್ಟವರಿಗೆ ಮೀಸಲು. ಮಗು ಕಾಣೆಯಾದ ತಾಯಿ ಡಿಸ್ಟ್ರಾಟ್. ಮೀಟಿಂಗಿನಲ್ಲಿ ಮೆಸೇಜ್ ನೋಡಿದವರು ಡಿಸ್ಟ್ರಾಟ್ ಎಂದು ಬರೆದರೆ ಓದಿದವರು ಸಮಾಧಾನ ಹೇಳಲು ಫೋನ್ ಮಾಡಿಯಾರು.

ಇದೇ ಪಯಣ ನಮ್ಮಲ್ಲೂ ನಡೆದಿದೆ, ಅದೂ ಎರಡು ಸಲ. ಯೋಗಸೂತ್ರಕ್ಕೆ ವ್ಯಾಸರ ಹೆಸರಿನಲ್ಲಿರುವ ಭಾಷ್ಯ ಚಿತ್ತದ ಐದು ಸ್ಥಿತಿಗಳನ್ನು ಹೇಳುತ್ತದೆ: ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ. ವಿಕ್ಷಿಪ್ತ ಅಂದರೆ ಅತ್ತಿತ್ತ ಎಸೆಯಲ್ಪಟ್ಟದ್ದು. ಆಗಾಗ ನಿಲ್ಲುತ್ತದೆ, ಮತ್ತೆ ಚೆದುರುತ್ತದೆ. ಡಿಸ್ಟ್ರಾಕ್ಟೆಡ್‌ಗೆ ಇದಕ್ಕಿಂತ ಹತ್ತಿರದ ಪದ ಸಿಗುವುದು ಕಷ್ಟ. ಆದರೆ ಇಂದಿನ ಕನ್ನಡದಲ್ಲಿ ಯಾರನ್ನಾದರೂ ವಿಕ್ಷಿಪ್ತ ಅಂದು ನೋಡಿ, ಅವರಿಗೆ ತಲೆ ಸರಿಯಿಲ್ಲ ಅಂದಂತೆಯೇ. ಇನ್ನೊಂದು ವ್ಯಗ್ರ. ಏಕಾಗ್ರ ಅಂದರೆ ಒಂದೇ ತುದಿ ಇರುವುದು, ವ್ಯಗ್ರ ಅಂದರೆ ತುದಿಗಳು ಚದುರಿಹೋದದ್ದು. ಸಂಸ್ಕೃತದಲ್ಲಿ ಅದು ಮನಸ್ಸು ಬೇರೆ ಬೇರೆ ಕಡೆ ಇರುವ ಸ್ಥಿತಿ. ನಮ್ಮ ಪತ್ರಿಕೆಗಳಲ್ಲಿ "ವ್ಯಗ್ರರಾದ ಗ್ರಾಮಸ್ಥರು" ಎಂದರೆ ಕಲ್ಲು ಹಿಡಿದು ನಿಂತವರು. ಗಮನ ಚೆದುರುವುದನ್ನು ಹೇಳುವ ಪದ ಹುಚ್ಚಿಗೋ ಸಿಟ್ಟಿಗೋ ಜಾರುವುದು ಲಂಡನ್ನಿನಲ್ಲೂ ಆಗಿದೆ, ಇಲ್ಲೂ ಆಗಿದೆ. ಹಾಗಾಗಿ ಅನುವಾದಕರು ಡಿಸ್ಟ್ರಾಕ್ಟೆಡ್‌ಗೆ ಅನ್ಯಮನಸ್ಕ ಎಂದು ಬರೆಯುವುದೇ ಕ್ಷೇಮ. ಅದು ಸ್ವಲ್ಪ ಪುಸ್ತಕದ ಪದ ನಿಜ, ಆದರೆ ಯಾರನ್ನೂ ಆಸ್ಪತ್ರೆಗೆ ಸೇರಿಸುವುದಿಲ್ಲ.

ಎನ್‌ಗ್ರೋಸ್ಡ್ ಪದದ ಕತೆ ಮಂಡಿಯಲ್ಲಿ ಶುರುವಾಗುತ್ತದೆ. ಫ್ರೆಂಚಿನ "ಆನ್ ಗ್ರೋ" ಅಂದರೆ ಸಗಟಾಗಿ. ಮಧ್ಯಯುಗದ ಇಂಗ್ಲಿಷ್ ಸಂತೆಗಳಲ್ಲಿ ಒಬ್ಬ ವರ್ತಕ ಬಂದ ಮಾಲನ್ನೆಲ್ಲ ತಾನೇ ಎತ್ತಿ, ಬೆಲೆ ಏರಿಸಿ ಮಾರುವುದಕ್ಕೆ ಎನ್‌ಗ್ರೋಸಿಂಗ್ ಎನ್ನುತ್ತಿದ್ದರು, ಮತ್ತು ಅದು ಅಪರಾಧವಾಗಿತ್ತು. ಸಂತೆ ತಲುಪುವ ಮೊದಲೇ ದಾರಿಯಲ್ಲಿ ಮಾಲು ಕೊಳ್ಳುವುದಕ್ಕೆ ಫೋರ್‌ಸ್ಟಾಲಿಂಗ್, ಅದೇ ಸಂತೆಯಲ್ಲಿ ಕೊಂಡು ಅಲ್ಲೇ ಮಾರುವುದಕ್ಕೆ ರಿಗ್ರೇಟಿಂಗ್ ಎಂಬ ಜೊತೆ ಅಪರಾಧಗಳೂ ಇದ್ದವು. ಇಂಗ್ಲೆಂಡಿನ ಸಂಸತ್ತು ಇವನ್ನು ಅಪರಾಧಗಳ ಪಟ್ಟಿಯಿಂದ ಪೂರ್ತಿ ತೆಗೆದದ್ದು 1844ರಲ್ಲಿ. ಟೊಮೆಟೊ ಬೆಲೆ ಏರಿದಾಗಲೆಲ್ಲ ನಾವು ದಲ್ಲಾಳಿಗಳನ್ನು ಬೈಯುವುದೂ ಈ ಮೂರು ಕಾರಣಕ್ಕೇ. ಸಗಟಾಗಿ ಮಾರುವವನು ಗ್ರೋಸರ್ ಆದ, ಅವನ ಅಂಗಡಿ ಗ್ರೋಸರಿ. ಹಾಗೆ ಒಂದು ಪುಸ್ತಕ ನಿಮ್ಮ ಗಮನದ ಮೂಟೆಗಳನ್ನೆಲ್ಲ ಒಂದೇ ಸಲಕ್ಕೆ ಎತ್ತಿಕೊಂಡರೆ ನೀವು ಎನ್‌ಗ್ರೋಸ್ಡ್. ಹಾಲಿಗೆಂದು ಒಂದು ಸೇರೂ ಉಳಿದಿಲ್ಲ. ಈ ಸಗಟು ಚಿತ್ರ ನೆನಪಿದ್ದರೆ "ಎ ಲಿಟ್ಲ್ ಎನ್‌ಗ್ರೋಸ್ಡ್" ಯಾಕೆ ವಿಚಿತ್ರವಾಗಿ ಕೇಳುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಇದರ ಮುಂದೆ ಕಂಪ್ಲೀಟ್ಲಿ, ಟೋಟಲಿ, ಸೋ ಬರುತ್ತವೆ. ಡಿಸ್ಟ್ರಾಕ್ಟೆಡ್, ಪ್ರಿಆಕ್ಯುಪೈಡ್ ಎರಡಕ್ಕೆ ಮಾತ್ರ ಸ್ಲೈಟ್ಲಿ, ಎ ಬಿಟ್ ಎಲ್ಲ ಸಲ್ಲುತ್ತವೆ.

ಕಾನೂನಿನ ಕಚೇರಿಯಲ್ಲಿ ಇದೇ ಪದಕ್ಕೆ ಇನ್ನೊಂದು ಬಾಳು ಇದೆ. ದಸ್ತಾವೇಜನ್ನು ದಪ್ಪ, ಸ್ಪಷ್ಟ ಅಕ್ಷರದಲ್ಲಿ ಅಂತಿಮವಾಗಿ ಬರೆದು ತೆಗೆಯುವುದು ಎನ್‌ಗ್ರೋಸ್ ಮಾಡುವುದು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಚರ್ಮದ ಹಾಳೆಯ ಮೇಲೆ ಎನ್‌ಗ್ರೋಸ್ ಮಾಡಲು ಕಾಂಗ್ರೆಸ್ ಆದೇಶಿಸಿದ್ದು 1776ರ ಜುಲೈ 19ರಂದು, ಹೆಚ್ಚಿನವರು ಅದಕ್ಕೆ ಸಹಿ ಹಾಕಿದ್ದು ಆಗಸ್ಟ್ 2ರಂದು. ಹಾಗಾಗಿ "ಎನ್‌ಗ್ರೋಸ್ಡ್ ಬಿಲ್" ಎಂದು ಅಮೆರಿಕದ ಸುದ್ದಿಯಲ್ಲಿ ಕಂಡರೆ ತನ್ಮಯವಾದ ಮಸೂದೆ ಎಂದು ತಿಳಿಯಬಾರದು. ಉಚ್ಚಾರಣೆಯ ಒಂದು ಮಾತು: ಇದು ಗ್ರಾಸ್ ಅಲ್ಲ, ಗ್ರೋಸ್. ಕೊನೆಯ "ಡ್" ಕೂಡ ಬಾಯಲ್ಲಿ "ಟ್" ಆಗುತ್ತದೆ, ಎನ್‌ಗ್ರೋಸ್ಟ್. "ಸ್" ಎಂದು ಮುಗಿಯುವ ಎಲ್ಲಕ್ಕೂ ಇದೇ ನಿಯಮ: ಅಬ್ಸೆಸ್ಟ್, ಇಮ್ಮರ್ಸ್ಟ್, ಟ್ರಾನ್ಸ್‌ಫಿಕ್ಸ್ಟ್.

ಅಬ್ಸಾರ್ಬ್ಡ್ ಸರಳ. ಹೀರಿಕೊಂಡದ್ದು. ಸ್ಪಂಜು ನೀರನ್ನು ಹೀರುವಂತೆ ಕೆಲಸ ನಿಮ್ಮನ್ನು ಹೀರಿದೆ. ಆದರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ "ಗುತ್ತಿಗೆ ನೌಕರರನ್ನು ಅಬ್ಸಾರ್ಬ್ ಮಾಡಿಕೊಂಡರು" ಎಂದರೆ ಕಾಯಂ ಸೇವೆಗೆ ಸೇರಿಸಿಕೊಂಡರು ಎಂದು, ತನ್ಮಯತೆಗೂ ಅದಕ್ಕೂ ಸಂಬಂಧವಿಲ್ಲ. ನಾಮಪದ ಮಾಡುವಾಗ "ಬಿ" ಹೋಗಿ "ಪಿ" ಬರುತ್ತದೆ, ಅಬ್ಸಾರ್ಪ್ಷನ್. ಸ್ಪೆಲ್ಲಿಂಗ್ ತಪ್ಪುವುದು ಅಲ್ಲೇ.

ಇಮ್ಮರ್ಸ್ಡ್ ನಮ್ಮ ಮಗ್ನಕ್ಕೆ ಸರಿಸಮ. ಎರಡರ ಒಳಗೂ ಮುಳುಗುವ ಕ್ರಿಯೆಯೇ ಇದೆ. ನಮ್ಮ ಊರಿನ ಇಂಗ್ಲಿಷ್ ಪತ್ರಿಕೆಗಳು ಗಣೇಶ ವಿಸರ್ಜನೆಗೂ ಇದೇ ಇಮ್ಮರ್ಷನ್ ಬಳಸುತ್ತವೆ, ಬಚ್ಚಲುಮನೆಯ ನೀರು ಕಾಯಿಸುವ ಕಡ್ಡಿಗೂ ಅದೇ ಹೆಸರು. ಓದಿನಲ್ಲಿ ಮುಳುಗಿದವರನ್ನು ಸಬ್‌ಮರ್ಜ್ಡ್ ಅನ್ನಬಾರದು. ಅದು ನೆರೆ ಬಂದಾಗ ಸೇತುವೆಗೆ ಆಗುವುದು. ತಲ್ಲೀನ ಇದಕ್ಕಿಂತ ಒಂದು ಹೆಜ್ಜೆ ಆಚೆ. ತತ್, ಲೀನ: ಅದರಲ್ಲಿ ಕರಗಿಹೋದದ್ದು. ಮುಳುಗಿದವರು ಮೇಲೆ ಬರಬಹುದು, ಕರಗಿದವರನ್ನು ಎಲ್ಲಿಂದ ತರುವುದು? ತನ್ಮಯವಂತೂ ಅದೇ ಆಗಿಬಿಡುವುದು. ಇವೆರಡಕ್ಕೂ ಸರಿಯಾಗಿ ಕೂರುವ ಒಂದೇ ಇಂಗ್ಲಿಷ್ ಪದವನ್ನು ನಾನಂತೂ ಕಂಡಿಲ್ಲ. ಹತ್ತಿರ ಬರುವುದು ರ‍್ಯಾಪ್ಟ್.

ರ‍್ಯಾಪ್ಟ್ ಅಂದರೆ ಎತ್ತಿಕೊಂಡು ಹೋದದ್ದು. ಕೋಳಿಮರಿಯನ್ನು ಎತ್ತುವ ಹದ್ದುಗಿಡುಗಗಳಿಗೆ ರ‍್ಯಾಪ್ಟರ್ ಎಂಬ ಹೆಸರು ಬಂದದ್ದೂ ಅದೇ ಧಾತುವಿನಿಂದ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಯ ಮಾತಿಗೆ ಸಭೆ ಉಸಿರು ಬಿಗಿಹಿಡಿದು ಕೂತಿರುತ್ತದಲ್ಲ, ಅದು ರ‍್ಯಾಪ್ಟ್ ಅಟೆನ್ಷನ್. ಬಹುತೇಕ ಅಟೆನ್ಷನ್, ಆಡಿಯನ್ಸ್, ಸೈಲೆನ್ಸ್ ಎಂಬ ಮೂರರ ಮುಂದೆಯೇ ಇದು ಕಾಣಿಸಿಕೊಳ್ಳುತ್ತದೆ. ಕಿವಿಗೆ ಸುತ್ತುವುದು ಎಂಬರ್ಥದ ರ‍್ಯಾಪ್ಡ್ ಕೂಡ ಒಂದೇ ಥರ ಕೇಳುವುದರಿಂದ ಡಬ್ಲ್ಯೂ ಹಾಕಿ ಬರೆದುಬಿಡುತ್ತಾರೆ, ಆಗ ಗಮನಕ್ಕೆ ಗಿಫ್ಟ್ ಪೇಪರ್ ಸುತ್ತಿದಂತಾಗುತ್ತದೆ. ಡಬ್ಲ್ಯೂ ಇರುವ ಪದಕ್ಕೆ ಬೇರೆ ನುಡಿಗಟ್ಟೇ ಇದೆ, ರ‍್ಯಾಪ್ಡ್ ಅಪ್ ಇನ್. ತನ್ನ ಸಂಸಾರದಲ್ಲೇ, ತನ್ನ ಕೆಲಸದಲ್ಲೇ ಸುತ್ತಿಕೊಂಡವರಿಗೆ ಅದು, ಸ್ವಲ್ಪ ಆಕ್ಷೇಪಣೆಯೂ ಸೇರಿರುತ್ತದೆ. ಮೆಲ್ಬರ್ನಿಗೆ ಹೋದ ಕನ್ನಡಿಗರಿಗೆ ಇನ್ನೊಂದು ಗೊಂದಲ ಕಾದಿದೆ. ಅಲ್ಲಿ "ಐ ಆಮ್ ರ‍್ಯಾಪ್ಟ್" ಅಂದರೆ ಸಿಕ್ಕಾಪಟ್ಟೆ ಖುಷಿಯಾಗಿದೆ ಎಂದಷ್ಟೇ.

ಬಲವಂತದ ಪದಗಳ ಗುಂಪು ದೊಡ್ಡದು, ಒಂದೊಂದೂ ಒಂದೊಂದು ಆಯುಧ. ರಿವೆಟೆಡ್‌ನಲ್ಲಿ ಕಬ್ಬಿಣದ ತಗಡಿಗೆ ಹೊಡೆಯುವ ರಿವೆಟ್ಟು, ಟ್ರಾನ್ಸ್‌ಫಿಕ್ಸ್ಡ್‌ನಲ್ಲಿ ಆರಪಾರ ಚುಚ್ಚಿದ ಈಟಿ, ಎನ್‌ತ್ರಾಲ್ಡ್‌ನಲ್ಲಿ ಜೀತದಾಳು, ಕ್ಯಾಪ್ಟಿವೇಟೆಡ್‌ನಲ್ಲಿ ಸೆರೆಯಾಳು, ಸ್ಪೆಲ್‌ಬೌಂಡ್‌ನಲ್ಲಿ ಮಂತ್ರದ ಕಟ್ಟು. ಫ್ಯಾಸಿನೇಟೆಡ್ ಅಂತೂ ರೋಮನ್ನರ ದೃಷ್ಟಿದೋಷದ ನಂಬಿಕೆಯಿಂದ ಬಂದದ್ದು. ಫ್ಯಾಸಿನಮ್ ಎಂದರೆ ಅವರ ಮಾಟ, ಅದಕ್ಕೆ ಕಟ್ಟುವ ತಾಯತಕ್ಕೂ ಅದೇ ಹೆಸರು. ಇವುಗಳಲ್ಲಿ ಟ್ರಾನ್ಸ್‌ಫಿಕ್ಸ್ಡ್ ಭಯಕ್ಕೂ ಬರುತ್ತದೆ. ಹಾವು ಕಂಡು ಕಾಲು ಕೀಳಲಾಗದೆ ನಿಂತವರೂ ಟ್ರಾನ್ಸ್‌ಫಿಕ್ಸ್ಡ್. ಮಿಕ್ಕವು ಹೆಚ್ಚಾಗಿ ಮೆಚ್ಚುಗೆಗೆ. ಮೆಸ್ಮರೈಸ್ಡ್ ಒಬ್ಬ ವೈದ್ಯನ ಹೆಸರು. ಫ್ರಾಂಟ್ಸ್ ಆಂಟನ್ ಮೆಸ್ಮರ್ (1734–1815) ದೇಹದಲ್ಲಿ ಕಾಂತದ್ರವವೊಂದು ಹರಿಯುತ್ತದೆ, ಅದನ್ನು ಸರಿಪಡಿಸಿ ರೋಗ ಗುಣಮಾಡುತ್ತೇನೆ ಎಂದು ವಿಯೆನ್ನಾದಲ್ಲೂ ಪ್ಯಾರಿಸ್ಸಿನಲ್ಲೂ ಹೆಸರು ಮಾಡಿದವನು. ಫ್ರಾನ್ಸಿನ ದೊರೆ 1784ರಲ್ಲಿ ನೇಮಿಸಿದ ತಂಡದಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲಾವೋಸಿಯೇ ಇದ್ದರು. ದ್ರವವೂ ಇಲ್ಲ ಏನೂ ಇಲ್ಲ, ಎಲ್ಲ ಕಲ್ಪನೆಯ ಪರಿಣಾಮ ಎಂದು ಅವರು ಹೇಳಿದರು. ದ್ರವ ಹೋಯಿತು, ಪದ ಉಳಿಯಿತು.

ಅಬ್ಸೆಸ್ಡ್‌ನಲ್ಲಿ ಇರುವುದು ಮುತ್ತಿಗೆ, ಕೋಟೆಯ ಸುತ್ತ ಬೀಡುಬಿಟ್ಟ ಸೈನ್ಯ. ಕನ್ನಡದ ಗೀಳು ಇದಕ್ಕೆ ಸರಿ. ಹೊಸ ಹುಡುಗರ ಬಾಯಲ್ಲಿ ಈಗ ಇದಕ್ಕೆ ಇಷ್ಟ ಎಂಬಷ್ಟೇ ತೂಕ, "ಐ ಆಮ್ ಅಬ್ಸೆಸ್ಡ್ ವಿತ್ ದಿಸ್ ಚಟ್ನಿ" ಅಂದರೆ ವೈದ್ಯರನ್ನು ಕರೆಯಬೇಕಿಲ್ಲ. ಉದ್ಯೋಗದ ಅರ್ಜಿಯಲ್ಲಿ ಮಾತ್ರ ಬೇಡ.

ವಸ್ತುವಿಗೆ ಇಂಗ್, ಮನುಷ್ಯರಿಗೆ ಎಡ್. ಶಾಲೆಯಲ್ಲಿ ಕಲಿತದ್ದೇ, ಆದರೂ ಈ ಗುಂಪಿನಲ್ಲಿ ತಪ್ಪಿದರೆ ಅರ್ಥ ತಲೆಕೆಳಗಾಗುತ್ತದೆ. "ಐ ಆಮ್ ಈಸಿಲಿ ಡಿಸ್ಟ್ರಾಕ್ಟಿಂಗ್" ಅಂದವರು, ತಾವು ಕ್ಲಾಸಿನಲ್ಲಿ ಬೇರೆಯವರನ್ನು ಕೆಡಿಸುತ್ತೇವೆ ಎಂದು ಒಪ್ಪಿಕೊಂಡಂತೆ. ಪುಸ್ತಕ ಎನ್‌ಗ್ರೋಸಿಂಗ್, ಓದುಗ ಎನ್‌ಗ್ರೋಸ್ಡ್. ಪ್ರಿಆಕ್ಯುಪೈಡ್‌ಗೆ ಇಂಗ್ ರೂಪ ಬಳಕೆಯಲ್ಲಿ ಅಪರೂಪ, ಆಬ್ಸೆಂಟ್-ಮೈಂಡೆಡ್‌ಗೆ ಇಲ್ಲವೇ ಇಲ್ಲ. ಇದೇ ಸಾಲಿನ ಇನ್ನೊಂದು ತಪ್ಪು "ಐ ವಾಸ್ ಕಾನ್ಸಂಟ್ರೇಟೆಡ್". ಕಾನ್ಸಂಟ್ರೇಟೆಡ್ ಆಗುವುದು ನಿಂಬೆಹಣ್ಣಿನ ರಸ, ಆಮ್ಲ. ಮನುಷ್ಯರು "ವಾಸ್ ಕಾನ್ಸಂಟ್ರೇಟಿಂಗ್".

ಝೋನ್ ಎಂಬ ಪದ ಎರಡೂ ದಡದಲ್ಲಿ ಮನೆ ಮಾಡಿದೆ. ಝೋನ್ಡ್ ಔಟ್ ಅಂದರೆ ಎಲ್ಲೂ ಇಲ್ಲ, ಇನ್ ದ ಝೋನ್ ಅಂದರೆ ಪೂರ್ತಿ ಇಲ್ಲೇ. ಎರಡನೆಯದು ಕ್ರೀಡೆಯಲ್ಲಿ ಹೆಚ್ಚು. ಚೆಂಡು ದೊಡ್ಡದಾಗಿ ಕಾಣುತ್ತಿತ್ತು ಎಂದು ಬ್ಯಾಟರ್‌ಗಳು ಹೇಳುವ ದಿನ ಅದು. ಮನಶ್ಶಾಸ್ತ್ರದಲ್ಲಿ ಇದಕ್ಕೆ ಫ್ಲೋ ಎಂಬ ಹೆಸರು ಕೊಟ್ಟವರು ಹಂಗರಿ ಮೂಲದ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್. 1970ರ ದಶಕದಲ್ಲಿ ಚೆಸ್ ಆಡುವವರು, ಬಂಡೆ ಹತ್ತುವವರು, ನೃತ್ಯಗಾರರು ಮುಂತಾದವರನ್ನು ಮಾತಾಡಿಸಿ ಅವರು ಇದನ್ನು ಕಟ್ಟಿದರು. ಕೆಲಸದ ಕಷ್ಟವೂ ಕೈಯ ಪಳಗುವಿಕೆಯೂ ಸರಿತೂಗಿದಾಗ ಇದು ಬರುತ್ತದೆ. ಕಷ್ಟ ಹೆಚ್ಚಾದರೆ ಆತಂಕ, ಕಡಿಮೆಯಾದರೆ ಬೇಸರ. ಆದ್ದರಿಂದ ಒಂದೇ ಸಮನೆ ರೀಲ್ಸ್ ತಳ್ಳುತ್ತಾ ಕೂರುವುದಕ್ಕೆ ಫ್ಲೋ ಎನ್ನುವುದು ಪದದ ಮೇಲೆ ಅನ್ಯಾಯ. ಅಲ್ಲಿ ಕೈಗೆ ಯಾವ ಪರೀಕ್ಷೆಯೂ ಇಲ್ಲ.

ಮರೆತುಹೋಗುತ್ತಿರುವ ಒಂದು ಪದವನ್ನು ಸೇರಿಸಲೇಬೇಕು, ವುಲ್‌ಗ್ಯಾದರಿಂಗ್. ಕುರಿಗಳು ಬೇಲಿಗೆ ಮೈಯುಜ್ಜಿ ಹೋದಾಗ ಮುಳ್ಳಿಗೆ ಸಿಕ್ಕಿ ಉಳಿಯುವ ಉಣ್ಣೆಯ ಎಳೆಗಳನ್ನು ಆಯುವುದು. ಒಂದು ಎಳೆ ಇಲ್ಲಿ, ಇನ್ನೊಂದು ಹತ್ತು ಮಾರು ಆಚೆ, ಇಡೀ ದಿನ ಅಡ್ಡಾದಿಡ್ಡಿ ತಿರುಗಿದರೂ ಬುಟ್ಟಿ ತುಂಬುವುದಿಲ್ಲ. 16ನೇ ಶತಮಾನದಿಂದ ಮನಸ್ಸಿನ ಅಲೆದಾಟಕ್ಕೆ ಇದು ಹೆಸರಾಗಿದೆ. ಚಿತ್ರದುರ್ಗದ ಕಡೆ ಕುರುಬರ ಮಂದೆ ಜಾಲಿಗಿಡಗಳ ನಡುವೆ ಹಾದುಹೋಗುವುದನ್ನು ಕಂಡವರಿಗೆ ಈ ಪದದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಇಂಗ್ಲಿಷಿಗೇ ಮೀಸಲಾದ ಎಡವಟ್ಟುಗಳು ಇನ್ನೂ ಕೆಲವಿವೆ. "ಮೈ ಮೈಂಡ್ ಗಾಟ್ ಡೈವರ್ಟೆಡ್" ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರಗಿನವರಿಗೆ ಡೈವರ್ಟ್ ಆಗುವುದು ರಸ್ತೆ, ವಿಮಾನ, ಅನುದಾನ. ಹಳೆಯ ಬರಹದಲ್ಲಾದರೆ ಡೈವರ್ಟೆಡ್ ಅಂದರೆ ಮನರಂಜನೆ ಆಯಿತು ಎಂದು. "ಡೀಪ್ಲಿ ಇಂಡಲ್ಜ್ಡ್ ಇನ್ ಸ್ಟಡೀಸ್" ಎಂದು ಬಯೋಡೇಟಾದಲ್ಲಿ ಬರೆಯುವವರಿದ್ದಾರೆ. ಇಂಡಲ್ಜ್ ಆಗುವುದು ಮೈಸೂರುಪಾಕಿನಲ್ಲಿ, ಬೇಡ ಅಂದರೂ ಇನ್ನೊಂದು ತೆಗೆದುಕೊಂಡಾಗ. ಬೆಮ್ಯೂಸ್ಡ್ ಅಂದರೆ ತಬ್ಬಿಬ್ಬಾದದ್ದು, ನಗು ಬಂದದ್ದಲ್ಲ. "ಐ ವಾಸ್ ಔಟ್ ಆಫ್ ಮೈ ಮೈಂಡ್" ಅಂದರೆ ಗಮನವಿರಲಿಲ್ಲ ಎಂದಲ್ಲ, ಹುಚ್ಚು ಹಿಡಿದಿತ್ತು ಎಂದು. ಲಾಸ್ಟ್ ಇನ್ ಥಾಟ್ ಯೋಚನೆಯಲ್ಲಿ ಮುಳುಗಿದ್ದು, ಲಾಸ್ಟ್ ಮೈ ಮೈಂಡ್ ಮತ್ತೆ ಅದೇ ಹುಚ್ಚು. ಆಬ್ಸೆನ್ಸ್ ಆಫ್ ಮೈಂಡ್‌ಗೆ ವಿರುದ್ಧ ಪದ ಪ್ರೆಸೆನ್ಸ್ ಆಫ್ ಮೈಂಡ್ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿಸುವುದುಂಟು. ಕಾಣಲು ಜೋಡಿ, ಬಳಕೆಯಲ್ಲಿ ಅಲ್ಲ. ಪ್ರೆಸೆನ್ಸ್ ಆಫ್ ಮೈಂಡ್ ಅಂದರೆ ಸಮಯಪ್ರಜ್ಞೆ. ಸಿಲಿಂಡರಿಗೆ ಬೆಂಕಿ ಹತ್ತಿದಾಗ ಒದ್ದೆ ಗೋಣಿಚೀಲ ಹಾಕಿದವರಿಗೆ ಅದು ಇತ್ತು, ಅವರು ನಿನ್ನೆ ಹಾಲು ಉಕ್ಕಿಸಿದವರೇ ಇರಬಹುದು.

ಶಾಲೆಯ ವರದಿಯಲ್ಲಿ ಮೂರು ಪದ ಬರುತ್ತವೆ, ಹೆತ್ತವರು ಮೂರಕ್ಕೂ ಒಂದೇ ಏಟು ಕೊಡುತ್ತಾರೆ. ಕೇರ್‌ಲೆಸ್ ಅಂದರೆ ಗೊತ್ತಿದ್ದೂ ಜೋಪಾನ ಮಾಡಿಲ್ಲ. ಇನ್‌ಅಟೆಂಟಿವ್ ಅಂದರೆ ಕೇಳಿಸಿಕೊಳ್ಳುತ್ತಿಲ್ಲ. ಈಸಿಲಿ ಡಿಸ್ಟ್ರಾಕ್ಟೆಡ್ ಅಂದರೆ ಕೇಳಲು ಕೂತಿದ್ದಾನೆ, ಕಿಟಕಿಯಲ್ಲಿ ಗುಬ್ಬಿ ಬಂದರೆ ಹೋಗುತ್ತಾನೆ. ಕೊನೆಯದಕ್ಕೆ ಕಿಟಕಿಯ ಪಕ್ಕದ ಬೆಂಚು ಬದಲಿಸಿದರೆ ಅರ್ಧ ಪರಿಹಾರ. ರಸ್ತೆಯ ವಿಷಯದಲ್ಲಿ ಅಮೆರಿಕದವರು ಡಿಸ್ಟ್ರಾಕ್ಟೆಡ್ ಡ್ರೈವಿಂಗ್ ಎಂದು ಬರೆಯುತ್ತಾರೆ. ನಮ್ಮ ಮೋಟಾರು ವಾಹನ ಕಾಯ್ದೆ 2019ರ ತಿದ್ದುಪಡಿಯಲ್ಲಿ, ಗಾಡಿ ಓಡಿಸುತ್ತಾ ಕೈಯಲ್ಲಿ ಫೋನ್ ಹಿಡಿಯುವುದನ್ನು ಸೆಕ್ಷನ್ 184ರ ಅಪಾಯಕಾರಿ ಚಾಲನೆಗೆ ಸೇರಿಸಿದೆ. ಅಲ್ಲಿ ಮನಸ್ಸಿನ ಮಾತಿಲ್ಲ, ಕೈಯ ಮಾತು.

ಗಮನ ಎಂಬ ನಮ್ಮ ಪದವೇ ಒಂದು ತಮಾಷೆ. ಸಂಸ್ಕೃತದಲ್ಲಿ ಅದು ಹೋಗುವುದು. ಆಗಮನ, ನಿರ್ಗಮನದಲ್ಲಿ ಇನ್ನೂ ಹಾಗೇ ಇದೆ. ಕನ್ನಡಕ್ಕೆ ಬಂದು ಮನಸ್ಸು ನಿಲ್ಲುವುದಕ್ಕೆ ಹೆಸರಾಯಿತು. ನಾವು ಗಮನ ಕೊಡುತ್ತೇವೆ, ಇಡುತ್ತೇವೆ, ಹರಿಸುತ್ತೇವೆ. ಇಂಗ್ಲಿಷಿನವರು ಪೇ ಮಾಡುತ್ತಾರೆ, ಸಾಲದ ಕಂತಿನ ಹಾಗೆ. "ಗಿವ್ ಅಟೆನ್ಷನ್" ತಪ್ಪಲ್ಲ, ಆದರೆ ತರಗತಿಯಲ್ಲಿ, ಮೀಟಿಂಗಿನಲ್ಲಿ ಪೇ ಎಂಬುದೇ ರೂಢಿ. ಫೋಕಸ್ ಲ್ಯಾಟಿನ್ನಿನಲ್ಲಿ ಮನೆಯ ಒಲೆ. 1604ರಲ್ಲಿ ಖಗೋಳಜ್ಞ ಕೆಪ್ಲರ್ ಅದನ್ನು ಗ‌ಣಿತದ ನಾಭಿಗೆ ಬಳಸಿದ, ಅಲ್ಲಿಂದ ಮಸೂರಕ್ಕೆ, ಕ್ಯಾಮೆರಾಕ್ಕೆ, ಕೋಚಿಂಗ್ ಸೆಂಟರಿನ ಬೋರ್ಡಿಗೆ ಬಂತು. ಹಾಲಿಟ್ಟವರು ಫೋಕಸ್ ಮಾಡಬೇಕಾದದ್ದೂ ಒಲೆಯ ಮೇಲೇ.

ತಪ್ಪಾದ ಮೇಲೆ ಬರೆಯುವ ಸಾಲುಗಳೂ ಪದದಷ್ಟೇ ನಾಜೂಕು. ಸಹೋದ್ಯೋಗಿಗೆ "ಸಾರಿ, ಐ ಗಾಟ್ ಡಿಸ್ಟ್ರಾಕ್ಟೆಡ್" ಸಾಕು. ಮನೆಯಲ್ಲಿ ಕಷ್ಟವಿದೆ, ವಿವರ ಹೇಳಲು ಇಷ್ಟವಿಲ್ಲ ಅಂದರೆ "ಐ ಹ್ಯಾವ್ ಬೀನ್ ರಾದರ್ ಪ್ರಿಆಕ್ಯುಪೈಡ್ ದಿಸ್ ವೀಕ್". ತಿಳಿದವರು ಮುಂದೆ ಕೇಳುವುದಿಲ್ಲ. "ಐ ಝೋನ್ಡ್ ಔಟ್" ಎಂಬುದನ್ನು ಗೆಳೆಯರಿಗೆ ಬಿಟ್ಟು ಮೇಲಧಿಕಾರಿಗೆ ಬರೆದರೆ, ನಿಮ್ಮ ಮಾತು ಬೋರಾಯಿತು ಎಂದು ಓದಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಬ್ರಿಟನ್ನಿನವರ ಮುಂದೆ "ಸಾರಿ, ಐ ವಾಸ್ ಮೈಲ್ಸ್ ಅವೇ" ಅಂದರೆ ನಕ್ಕು ಬಿಡುತ್ತಾರೆ. ಪತ್ರದಲ್ಲಿ, ಗ್ರಾಹಕರಿಗೆ, "ಇಟ್ ಎಸ್ಕೇಪ್ಡ್ ಅವರ್ ಅಟೆನ್ಷನ್" ಮರ್ಯಾದೆಯ ದಾರಿ. ತಪ್ಪಿಸಿಕೊಂಡದ್ದು ಅದು, ಬಿಟ್ಟದ್ದು ನಾವಲ್ಲ ಎಂಬ ಧ್ವನಿ. ಬರೀ ಮರೆತದ್ದಾದರೆ "ಇಟ್ ಸ್ಲಿಪ್ಡ್ ಮೈ ಮೈಂಡ್". ಸ್ಕಿಪ್ಡ್ ಅಲ್ಲ, ಸ್ಲಿಪ್ಡ್.